ಪಾರ್ಕಿನ್ಸನ್‌ಗೆ ನಾಲ್ಕು ಥರದ ಮಾತ್ರೆ ಯಾಕೆ? ಡೋಪಮೈನ್ ಲೆಕ್ಕ ತಿಳಿದುಕೊಂಡು ನುಂಗುವುದು ಹೇಗೆ

ಅಪ್ಪನ ಮಾತ್ರೆ ಡಬ್ಬಿಯಲ್ಲಿ ಈಗ ನಾಲ್ಕು ಥರದ ಮಾತ್ರೆಗಳಿವೆ. ನಾಲ್ಕೂ ಪಾರ್ಕಿನ್ಸನ್‌ಗೇ, ಅಂದರೆ ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಕಡಿಮೆಯಾಗಿ ನಡುಕ, ಬಿಗಿತ, ನಿಧಾನ ತರುವ ಕಾಯಿಲೆಗೇ. ಮೊದಲ ಒಂದು ವರ್ಷ ನಾನು ಇವೆಲ್ಲವನ್ನೂ ಸುಮ್ನೆ "ಡೋಪಮೈನ್ ಮಾತ್ರೆ" ಅಂತಲೇ ಕರೆಯುತ್ತಿದ್ದೆ. ಒಂದು ಸಾಕಾಗದಿದ್ದರೆ ಇನ್ನೊಂದು ಸೇರಿಸುತ್ತಾರೆ, ಅಷ್ಟೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಆ ಡಬ್ಬಿಯ ಯಾವ ಮಾತ್ರೆಯಲ್ಲೂ ಡೋಪಮೈನ್ ಇಲ್ಲ. ಒಂದು, ಡೋಪಮೈನ್ ಮಾಡಲು ಬೇಕಾದ ಸಾಮಾನು ಕೊಡುತ್ತದೆ. ಅದರ ಜೊತೆಯಲ್ಲೇ ಇರುವ ಇನ್ನೊಂದು, ಆ ಸಾಮಾನು ದಾರಿಯಲ್ಲಿ ಹಾಳಾಗದ ಹಾಗೆ ಕಾಯುತ್ತದೆ. ಮತ್ತೊಂದು, ತಯಾರಾದ ಡೋಪಮೈನ್ ಬೇಗ ಮುಗಿದುಹೋಗದ ಹಾಗೆ ನೋಡಿಕೊಳ್ಳುತ್ತದೆ. ಇನ್ನೊಂದಂತೂ ಡೋಪಮೈನ್ ತಂಟೆಗೇ ಹೋಗುವುದಿಲ್ಲ, ಅದರ ಜಾಗದಲ್ಲಿ ತಾನೇ ಕೂತು ಅದರ ಕೆಲಸ ಮಾಡುತ್ತದೆ.

ಇಷ್ಟು ಅರ್ಥವಾದ ಮೇಲೆ ನಮ್ಮ ಮನೆಯಲ್ಲಿ ಮಾತ್ರೆ ಕೊಡುವ ರೀತಿಯೇ ಬದಲಾಯಿತು. ಯಾವುದು ಅರ್ಧ ಗಂಟೆ ತಡವಾದರೂ ಕಷ್ಟ, ಯಾವುದು ತಡವಾದರೂ ಏನೂ ಆಗುವುದಿಲ್ಲ, ಹೊಸ ತೊಂದರೆ ಬಂದರೆ ಯಾವುದರ ಮೇಲೆ ಕಣ್ಣಿಡಬೇಕು ಅನ್ನುವುದೆಲ್ಲ ತಾನಾಗಿಯೇ ಹೊಳೆಯತೊಡಗಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆದರೆ ನಾನು ಡಾಕ್ಟರ್ ಅಲ್ಲ. ಡೋಸ್ ಏರಿಸುವುದು, ಇಳಿಸುವುದು, ನಿಲ್ಲಿಸುವುದು ನಿಮ್ಮ ನ್ಯೂರಾಲಜಿಸ್ಟ್ ಕೆಲಸ. ನಮ್ಮ ಕೆಲಸ ಸರಿಯಾಗಿ ಕೊಡುವುದು, ಸರಿಯಾಗಿ ಗಮನಿಸುವುದು.

ಮೊದಲು ಹೆಸರಿನ ಬಾಲ ನೋಡಿ

ಮಾತ್ರೆ ಪಟ್ಟಿಯ ಮೇಲೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಅದನ್ನು ಬಿಡಿ. ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಔಷಧದ ಹೆಸರನ್ನು ಒಂದು ಹಾಳೆ ಮೇಲೆ ಬರೆದುಕೊಳ್ಳಿ. ಹೆಸರು "ಡೋಪಾ" ಅಂತ ಮುಗಿದರೆ ಲೆವೊಡೋಪಾ ಅಥವಾ ಅದರ ಜೊತೆಗಾರ ಕಾರ್ಬಿಡೋಪಾ. "ಕಪೋನ್" ಅಂತ ಮುಗಿದರೆ, ಎಂಟಾಕಪೋನ್, ಓಪಿಕಪೋನ್, ಟೋಲ್ಕಪೋನ್, ಇವು ಒಂದು ಗುಂಪು. "ಜಿಲಿನ್" ಅಂತ ಮುಗಿದರೆ, ರಾಸಜಿಲಿನ್, ಸೆಲೆಜಿಲಿನ್, ಇನ್ನೊಂದು ಗುಂಪು. ಸಫಿನಮೈಡ್ ಕೂಡ ಇದೇ ಗುಂಪಿನದು, ಹೆಸರು ಮಾತ್ರ ಬೇರೆ. ಪ್ರಾಮಿಪೆಕ್ಸೋಲ್, ರೋಪಿನಿರೋಲ್, ಪ್ಲಾಸ್ಟರ್ ಥರ ಅಂಟಿಸುವ ರೋಟಿಗೋಟಿನ್ ಮೂರನೇ ಗುಂಪು. ಬೆನ್ಸೆರಜೈಡ್ ಅಂತ ಇದ್ದರೆ ಅದು ಕಾರ್ಬಿಡೋಪಾದ ಅಣ್ಣತಮ್ಮ, ಕೆಲಸ ಒಂದೇ.

ಪ್ರತಿ ಹೆಸರಿನ ಮುಂದೆ ಅದು ಮಾಡುವ ಕೆಲಸ ಬರೆಯಿರಿ: "ಸಾಮಾನು", "ಹೊರಗಿನ ಕಾವಲು", "ಒಳಗಿನ ಕಾವಲು", "ಬದಲಿ ಆಳು". ಲೆವೊಡೋಪಾ ಸಾಮಾನು. ಕಾರ್ಬಿಡೋಪಾ, ಬೆನ್ಸೆರಜೈಡ್, ಕಪೋನ್ ಗುಂಪು ಹೊರಗಿನ ಕಾವಲು. ಜಿಲಿನ್ ಗುಂಪು, ಸಫಿನಮೈಡ್ ಒಳಗಿನ ಕಾವಲು. ಮೂರನೇ ಗುಂಪು ಬದಲಿ ಆಳು. ಈ ನಾಲ್ಕು ಮಾತು ಸಾಕು. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಡೋಪಮೈನ್ ಅನ್ನೇ ಯಾಕೆ ಕೊಡಬಾರದು?

ಎಲ್ಲರಿಗೂ ಬರುವ ಪ್ರಶ್ನೆ ಇದು, ಅಲ್ವಾ? ಕಡಿಮೆಯಾಗಿರುವುದು ಡೋಪಮೈನ್ ಆದರೆ ಅದನ್ನೇ ಮಾತ್ರೆ ಮಾಡಿ ಕೊಟ್ಟುಬಿಡಬಹುದಲ್ಲ. ಆಗುವುದಿಲ್ಲ. ರಕ್ತಕ್ಕೂ ಮೆದುಳಿಗೂ ನಡುವೆ ಬಿಗಿಯಾದ ಒಂದು ಬೇಲಿ ಇದೆ. ಸಿಕ್ಕಿದ್ದನ್ನೆಲ್ಲ ಅದು ಒಳಗೆ ಬಿಡುವುದಿಲ್ಲ. ಡೋಪಮೈನ್‌ಗೆ ಆ ಬೇಲಿ ದಾಟುವ ಶಕ್ತಿ ಇಲ್ಲ. ಆದರೆ ಅದಕ್ಕಿಂತ ಒಂದು ಹೆಜ್ಜೆ ಹಿಂದಿನ ರೂಪ, ಲೆವೊಡೋಪಾ, ಅಮೈನೋ ಆಮ್ಲಗಳಿಗೆ (ಪ್ರೋಟೀನ್ ಒಡೆದಾಗ ಸಿಗುವ ತುಣುಕುಗಳಿಗೆ) ಅಂತ ಇರುವ ಬಾಗಿಲಿನಿಂದ ಒಳಗೆ ಹೋಗುತ್ತದೆ. ಹೋದ ಮೇಲೆ ಅಲ್ಲಿ ಡೋಪಮೈನ್ ಆಗಿ ಬದಲಾಗುತ್ತದೆ.

ಈ ಕಾಯಿಲೆಯ ಬಗ್ಗೆ ಜೇಮ್ಸ್ ಪಾರ್ಕಿನ್ಸನ್ ಬರೆದದ್ದು 1817ರಲ್ಲಿ. ಕಾರಣ ಸಿಕ್ಕಿದ್ದು ಮಾತ್ರ 1960ರಲ್ಲಿ. ವಿಯೆನ್ನಾದಲ್ಲಿ ಹಾರ್ನಿಕೀವಿಚ್ ಅನ್ನುವ ವಿಜ್ಞಾನಿ, ತೀರಿಕೊಂಡ ರೋಗಿಗಳ ಮೆದುಳು ಪರೀಕ್ಷಿಸಿ, ಅಲ್ಲಿ ಡೋಪಮೈನ್ ತೀರಾ ಕಡಿಮೆ ಇದೆ ಅಂತ ತೋರಿಸಿದರು. ಮೆದುಳಿನ ಬುಡದಲ್ಲಿ ಕಪ್ಪಗೆ ಕಾಣುವ ಒಂದು ಸಣ್ಣ ಜಾಗ ಇದೆ, ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಅಂತ ಅದರ ಹೆಸರು. ಅಲ್ಲಿನ ಕೋಶಗಳು ಡೋಪಮೈನ್ ಮಾಡಿ ಸ್ಟ್ರಯಾಟಮ್ ಅನ್ನುವ ಭಾಗಕ್ಕೆ ಕಳಿಸುತ್ತವೆ. ಕೈ ಎತ್ತುವುದು, ಹೆಜ್ಜೆ ಇಡುವುದು, ಗುಂಡಿ ಹಾಕುವುದು ಸಲೀಸಾಗಿ ನಡೆಯಲು ಅದು ಬೇಕು. ನಡುಕ, ಬಿಗಿತ, ನಿಧಾನ ಕಣ್ಣಿಗೆ ಬೀಳುವ ಹೊತ್ತಿಗೆ ಆ ಕೋಶಗಳಲ್ಲಿ ದೊಡ್ಡ ಪಾಲು ಹೋಗಿರುತ್ತದೆ.

ಮೂರು ಕಡೆ ಸೋರಿಕೆ

ಲೆವೊಡೋಪಾ ಒಂದನ್ನೇ ನುಂಗಿದರೆ ಏನಾಗುತ್ತದೆ ನೋಡಿ. ಕರುಳಲ್ಲಿ, ಲಿವರ್‌ನಲ್ಲಿ, ರಕ್ತದಲ್ಲಿ ಅದನ್ನು ಡೋಪಮೈನ್ ಆಗಿ ಬದಲಾಯಿಸುವ ಎಂಜೈಮ್ ಎಲ್ಲ ಕಡೆ ಇದೆ. ಮೆದುಳು ಸೇರುವ ಮೊದಲೇ ಹೆಚ್ಚು ಕಡಿಮೆ ಎಲ್ಲವೂ ಹೊರಗಡೆಯೇ ಡೋಪಮೈನ್ ಆಗಿಬಿಡುತ್ತದೆ. ಒಮ್ಮೆ ಹಾಗಾದರೆ ಬೇಲಿ ದಾಟುವಂತಿಲ್ಲ. ನೂರು ಪಾಲಿನಲ್ಲಿ ಮೆದುಳಿಗೆ ಸಿಗುವುದು ಒಂದೋ ಎರಡೋ ಮೂರೋ ಪಾಲು. ಹೊರಗೆ ಉಳಿದ ಡೋಪಮೈನ್ ವಾಂತಿ ತರಿಸುತ್ತದೆ, ಬಿಪಿ ಇಳಿಸುತ್ತದೆ. 1967ರಲ್ಲಿ ಅಮೆರಿಕದ ಡಾಕ್ಟರ್ ಕೋಟ್ಸಿಯಾಸ್, ಸ್ವಲ್ಪ ಸ್ವಲ್ಪವೇ ಏರಿಸುತ್ತಾ ದಿನಕ್ಕೆ ಗ್ರಾಂಗಟ್ಟಲೆ ಔಷಧ ಕೊಟ್ಟರೆ ರೋಗಿಗಳು ಎದ್ದು ಓಡಾಡುತ್ತಾರೆ ಅಂತ ತೋರಿಸಿದರು. ಗ್ರಾಂಗಟ್ಟಲೆ ಅಂದರೆ ಎಷ್ಟು ವಾಂತಿ ಇದ್ದಿರಬೇಕು ಯೋಚಿಸಿ.

ಇಲ್ಲಿ ಬರುವುದೇ ಕಾರ್ಬಿಡೋಪಾ. ಅದು ಆ ಎಂಜೈಮ್ ಅನ್ನು ತಡೆಯುತ್ತದೆ. ಹಾಗಾದರೆ ಮೆದುಳಿನಲ್ಲೂ ತಡೆದುಬಿಟ್ಟರೆ? ಇಲ್ಲ, ಅದೇ ಇದರ ಸೊಗಸು. ಕಾರ್ಬಿಡೋಪಾಗೂ ಬೇಲಿ ದಾಟಲು ಬರುವುದಿಲ್ಲ. ಹೊರಗೆ ಮಾತ್ರ ತಡೆಯುತ್ತದೆ, ಒಳಗೆ ಕೆಲಸ ಎಂದಿನಂತೆ ನಡೆಯುತ್ತದೆ. ಬೇಲಿಯೇ ಅಡ್ಡಿ ಅಂದುಕೊಂಡಿದ್ದವರು ಅದೇ ಬೇಲಿಯನ್ನು ಉಪಯೋಗಕ್ಕೆ ತಂದುಕೊಂಡರು. ಬೇಕಾದ ಲೆವೊಡೋಪಾ ಹತ್ತಿರ ಹತ್ತಿರ ಕಾಲು ಭಾಗಕ್ಕೆ ಇಳಿಯಿತು, ವಾಂತಿಯೂ ಇಳಿಯಿತು. ಅಮೆರಿಕದಲ್ಲಿ ಈ ಜೋಡಿ ಮಾತ್ರೆಗೆ 1975ರಲ್ಲಿ ಒಪ್ಪಿಗೆ ಸಿಕ್ಕಾಗ ಇಟ್ಟ ಹೆಸರು ಸಿನೆಮೆಟ್. ಲ್ಯಾಟಿನ್‌ನಲ್ಲಿ ವಾಂತಿ ಇಲ್ಲದೆ ಅನ್ನುವ ಅರ್ಥದ ಮಾತಿನಿಂದ ಬಂದದ್ದು.

ಪಟ್ಟಿಯ ಮೇಲೆ 25/100 ಅಂತಲೋ 100/25 ಅಂತಲೋ ಇರುತ್ತದೆ. ಗಾಬರಿ ಬೇಡ, ದೊಡ್ಡ ಸಂಖ್ಯೆ ಲೆವೊಡೋಪಾ, ಚಿಕ್ಕದು ಕಾರ್ಬಿಡೋಪಾ, ಎರಡೂ ಮಿಲಿಗ್ರಾಂ. ಇಲ್ಲೊಂದು ಉಪಯೋಗದ ಲೆಕ್ಕ ಇದೆ. ಹೊರಗಿನ ಎಂಜೈಮ್ ಅನ್ನು ಚೆನ್ನಾಗಿ ತಡೆಯಲು ದಿನಕ್ಕೆ ಸುಮಾರು 70ರಿಂದ 100 ಮಿಲಿಗ್ರಾಂ ಕಾರ್ಬಿಡೋಪಾ ಬೇಕು. 25/100 ದಿನಕ್ಕೆ ಮೂರು ತಗೊಂಡರೆ 75 ಆಯಿತು, ಸರಿ. 10/100 ಮೂರು ತಗೊಂಡರೆ ಬರೀ 30. ಹಾಗಿದ್ದು ಹೊಟ್ಟೆ ತೊಳಸುವುದು ನಿಲ್ಲದಿದ್ದರೆ ಈ ಲೆಕ್ಕವನ್ನು ಡಾಕ್ಟರ್ ಮುಂದೆ ಇಡಿ.

ಒಂದು ತೂತು ಮುಚ್ಚಿದರೆ ನೀರು ಇನ್ನೊಂದು ಕಡೆ ಹುಡುಕುತ್ತದೆ. ಇಲ್ಲೂ ಹಾಗೇ. ಮೊದಲ ಎಂಜೈಮ್ ಅನ್ನು ತಡೆದಾಗ ಸಿಒಎಂಟಿ ಅನ್ನುವ ಎರಡನೇ ಎಂಜೈಮ್ ಲೆವೊಡೋಪಾವನ್ನು ಹಿಡಿದು ಬೇರೆ ವಸ್ತು ಮಾಡುತ್ತದೆ. ಆ ವಸ್ತುವಿನಿಂದ ಡೋಪಮೈನ್ ಆಗುವುದಿಲ್ಲ, ಸಾಲದ್ದಕ್ಕೆ ಅದು ಲೆವೊಡೋಪಾ ಜೊತೆಗೆ ಮೆದುಳಿನ ಅದೇ ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ಎಂಟಾಕಪೋನ್ ಗುಂಪು ಈ ತೂತು ಮುಚ್ಚುತ್ತದೆ. ಅದರಿಂದ ಮೆದುಳಿನಲ್ಲಿ ಡೋಪಮೈನ್ ಮಟ್ಟ ಇನ್ನೂ ಎತ್ತರಕ್ಕೆ ಹೋಗುವುದಕ್ಕಿಂತ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ಎಂಟಾಕಪೋನ್ ಬೇಗ ಮುಗಿದುಹೋಗುವ ಔಷಧ. ಹಾಗಾಗಿ ಪ್ರತಿ ಲೆವೊಡೋಪಾ ಜೊತೆಗೂ 200 ಮಿಲಿಗ್ರಾಂ ಇರಲೇಬೇಕು. ಅದೊಂದನ್ನೇ ನುಂಗಿದರೆ ಕಾಯಿಲೆಗೆ ಏನೂ ಪ್ರಯೋಜನ ಇಲ್ಲ, ಕಾಯಲು ಸಾಮಾನೇ ಇಲ್ಲದೆ ಕಾವಲುಗಾರನನ್ನು ನಿಲ್ಲಿಸಿದ ಹಾಗೆ. ಲೆವೊಡೋಪಾ, ಕಾರ್ಬಿಡೋಪಾ, ಎಂಟಾಕಪೋನ್ ಮೂರನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿದ್ದೂ ಸಿಗುತ್ತದೆ. ಓಪಿಕಪೋನ್ ಬೇರೆ ಥರ, ದಿನಕ್ಕೆ ಒಂದೇ ಸಲ, ಮಲಗುವ ಮುಂಚೆ, ಲೆವೊಡೋಪಾದಿಂದ ಒಂದು ಗಂಟೆ ದೂರ ಇಟ್ಟು. ಟೋಲ್ಕಪೋನ್ ಲಿವರ್‌ಗೆ ತೊಂದರೆ ಕೊಡಬಹುದು, ಅದಕ್ಕೇ ರಕ್ತ ಪರೀಕ್ಷೆ ತಪ್ಪಿಸಬಾರದು.

ಎಂಟಾಕಪೋನ್ ಶುರುಮಾಡಿದ ಎರಡನೇ ದಿನ ಬೆಳಗ್ಗೆ ಅಪ್ಪ ಬಾತ್‌ರೂಮ್‌ನಿಂದಲೇ ಕೂಗಿದರು. ಮೂತ್ರ ಕೆಂಪು ಕಿತ್ತಳೆ ಬಣ್ಣ. ರಕ್ತ ಅಂದುಕೊಂಡು ನನ್ನ ಕೈಕಾಲು ತಣ್ಣಗಾದವು. ಫೋನ್ ಮಾಡಿದರೆ ಡಾಕ್ಟರ್, "ಅದು ಮಾತ್ರೆಯ ಬಣ್ಣ, ಏನೂ ಆಗಲ್ಲ" ಅಂದರು. ಆ ಮಾತ್ರೆ ಶುರುವಾಗುವ ಮೊದಲೇ ನಿಮಗೆ ಇದು ಗೊತ್ತಿರಲಿ ಅಂತ ಹೇಳುತ್ತಿದ್ದೇನೆ. ಬೇಧಿ ಜಾಸ್ತಿಯಾದರೆ ಮಾತ್ರ ತಿಳಿಸಿ, ಅದು ಈ ಮಾತ್ರೆಯಿಂದ ಆಗುವುದುಂಟು.

ಮೂರನೇ ಸೋರಿಕೆ ಮೆದುಳಿನ ಒಳಗೆ. ಅಲ್ಲಿ ತಯಾರಾದ ಡೋಪಮೈನ್ ಅನ್ನು ಎಂಎಒ-ಬಿ ಅನ್ನುವ ಎಂಜೈಮ್ ಒಡೆಯುತ್ತದೆ. ರಾಸಜಿಲಿನ್, ಸೆಲೆಜಿಲಿನ್, ಸಫಿನಮೈಡ್ ಇದನ್ನು ತಡೆಯುತ್ತವೆ. ಇವು ಒಳಗಿನ ಕಾವಲು. ಸ್ವಂತ ಕೋಶಗಳು ಇನ್ನೂ ಮಾಡುತ್ತಿರುವ ಡೋಪಮೈನ್‌ಗೂ, ಮಾತ್ರೆಯಿಂದ ಆದ ಡೋಪಮೈನ್‌ಗೂ ಆಯಸ್ಸು ಸ್ವಲ್ಪ ಹೆಚ್ಚುತ್ತದೆ. ರಾಸಜಿಲಿನ್ ಆ ಎಂಜೈಮ್ ಅನ್ನು ಒಮ್ಮೆ ಹಿಡಿದರೆ ಬಿಡುವುದಿಲ್ಲ, ದೇಹ ಹೊಸ ಎಂಜೈಮ್ ಮಾಡಿಕೊಳ್ಳುವ ತನಕ ಪರಿಣಾಮ ಇರುತ್ತದೆ. ಅದಕ್ಕೇ ಅದು ಒಂದೆರಡು ಗಂಟೆ ಆಚೀಚೆ ಆದರೆ ಚಿಂತೆ ಇಲ್ಲ. ಸೆಲೆಜಿಲಿನ್ ರಾತ್ರಿ ನಿದ್ದೆ ಕೆಡಿಸಬಹುದು, ಹಾಗಾಗಿ ಬೆಳಗ್ಗೆ ಮತ್ತು ಮಧ್ಯಾಹ್ನ ಅಂತ ಬರೆಯುತ್ತಾರೆ.

ಈ ಗುಂಪಿನ ಬಗ್ಗೆ ಒಂದು ಎಚ್ಚರ, ದಯವಿಟ್ಟು ಹಗುರವಾಗಿ ತಗೋಬೇಡಿ. ನೋವಿಗೆ ಕೊಡುವ ಟ್ರಾಮಡೋಲ್, ಪೆಥಿಡಿನ್, ಕೆಮ್ಮಿನ ಸಿರಪ್‌ನಲ್ಲಿ ಇರುವ ಡೆಕ್ಸ್ಟ್ರೋಮೆಥಾರ್ಫಾನ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಇದರ ಜೊತೆ ಸೇರಿದರೆ ಸೆರೊಟೋನಿನ್ ಅನ್ನುವ ಇನ್ನೊಂದು ರಾಸಾಯನಿಕ ವಿಪರೀತ ಏರಿ ಜೀವಕ್ಕೆ ಅಪಾಯ ಆಗಬಹುದು. ಅಂಗಡಿಯಲ್ಲಿ ಕೆಮ್ಮಿಗೆ ಏನಾದರೂ ಕೊಡಿ ಅಂತ ಕೇಳುವ ಮುಂಚೆ, ನಾವು ರಾಸಜಿಲಿನ್ ತಗೋತಾ ಇದ್ದೇವೆ ಅಂತ ಹೇಳಿ.

ಬದಲಿ ಆಳುಗಳು, ಮತ್ತು ಡೋಪಮೈನ್‌ಗೆ ಸಂಬಂಧವೇ ಇಲ್ಲದ ಹಾಗೆ ಕಾಣುವವು

ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮೆದುಳಿನಲ್ಲಿ ಡೋಪಮೈನ್ ಹೆಚ್ಚಿಸುವುದಿಲ್ಲ. ಡೋಪಮೈನ್ ಹೋಗಿ ಕೂರಬೇಕಾದ ರಿಸೆಪ್ಟರ್ ಮೇಲೆ ಇವೇ ಹೋಗಿ ಕೂರುತ್ತವೆ. ಲೆವೊಡೋಪಾಗಿಂತ ಜಾಸ್ತಿ ಹೊತ್ತು ಇರುತ್ತವೆ, ಹಾಗಾಗಿ ಎರಡು ಲೆವೊಡೋಪಾ ನಡುವಿನ ತಗ್ಗನ್ನು ತುಂಬಲು ಒಳ್ಳೆಯವು. ಆದರೆ ಇವು ಕೂರುವ ಜಾಗಗಳಲ್ಲಿ ಕೆಲವು, ಆಸೆ ಮತ್ತು ಖುಷಿಗೆ ಸೇರಿದ ಭಾಗದಲ್ಲೂ ಇವೆ. ಅದರಿಂದ ಕೆಲವರಿಗೆ ಜೂಜು, ಬೇಡದ್ದನ್ನೆಲ್ಲ ಕೊಳ್ಳುವುದು, ಮಿತಿ ಇಲ್ಲದೆ ತಿನ್ನುವುದು, ಲೈಂಗಿಕ ಆಸೆ ಹತೋಟಿ ತಪ್ಪುವುದು ಶುರುವಾಗುತ್ತದೆ. ಮನೆಯವರು ಇದನ್ನು "ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿತು" ಅಂದುಕೊಂಡು ಜಗಳಕ್ಕೆ ನಿಲ್ಲುತ್ತಾರೆ, ರೋಗಿಯಾದವರು ನಾಚಿಕೆಯಿಂದ ಮುಚ್ಚಿಡುತ್ತಾರೆ, ತಿಂಗಳುಗಟ್ಟಲೆ ಮನೆ ಒಡೆದ ಹಾಗಿರುತ್ತದೆ, ಕೊನೆಗೆ ನೋಡಿದರೆ ಕಾರಣ ಮಾತ್ರೆ. ಆ ಮನುಷ್ಯನ ತಪ್ಪಲ್ಲ. ಡಾಕ್ಟರ್‌ಗೆ ಹೇಳಿದರೆ ಡೋಸ್ ಇಳಿಸುತ್ತಾರೆ, ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ಇನ್ನೊಂದು, ಕೂತಲ್ಲೇ ದಿಢೀರ್ ನಿದ್ದೆ ಬರುವುದು. ಗಾಡಿ ಓಡಿಸುವವರಾದರೆ ಇದನ್ನು ಕೇಳಿ ತಿಳಿದುಕೊಳ್ಳದೆ ಓಡಿಸಬೇಡಿ. ಕಾಲು ಊದುವುದೂ ಇದರಿಂದ ಆಗಬಹುದು.

ಅಮಾಂಟಡಿನ್ ಮುಖ್ಯವಾಗಿ ಗ್ಲುಟಮೇಟ್ ಅನ್ನುವ ಬೇರೆ ರಾಸಾಯನಿಕದ ಕಡೆ ಕೆಲಸ ಮಾಡುತ್ತದೆ, ಲೆವೊಡೋಪಾದಿಂದ ಬರುವ ಮೈ ತೊನೆದಾಟವನ್ನು ಕಡಿಮೆ ಮಾಡುತ್ತದೆ. ಟ್ರೈಹೆಕ್ಸಿಫೆನಿಡಿಲ್ ಅಸಿಟೈಲ್‌ಕೋಲೀನ್ ಅನ್ನುವ ಮತ್ತೊಂದು ರಾಸಾಯನಿಕದ ಕೆಲಸವನ್ನು ತಗ್ಗಿಸಿ ನಡುಕ ಇಳಿಸುತ್ತದೆ, ಆದರೆ ವಯಸ್ಸಾದವರಿಗೆ ಮರೆವು, ಗೊಂದಲ, ಬಾಯಿ ಒಣಗುವುದು, ಮೂತ್ರ ಕಟ್ಟುವುದು ತರಬಹುದು.

ಒಂದು ದಿನದ ಏರಿಳಿತ ಹೇಗಿರುತ್ತದೆ

ಕಾಯಿಲೆಯ ಮೊದಲ ವರ್ಷಗಳಲ್ಲಿ ಉಳಿದ ಕೋಶಗಳು ಲೆವೊಡೋಪಾದಿಂದ ಬಂದ ಡೋಪಮೈನ್ ಅನ್ನು ಕೂಡಿಟ್ಟುಕೊಂಡು ಬೇಕಾದಾಗ ಸ್ವಲ್ಪ ಸ್ವಲ್ಪ ಬಿಡುತ್ತವೆ. ಮಾತ್ರೆ ಒಂದು ಗಂಟೆ ತಡವಾದರೂ ಗೊತ್ತಾಗುವುದಿಲ್ಲ. ವರ್ಷ ಕಳೆದ ಹಾಗೆ ಕೂಡಿಡುವ ಕೋಶಗಳೇ ಕಡಿಮೆ. ಆಗ ರಕ್ತದಲ್ಲಿ ಔಷಧ ಏರಿದರೆ ಮೆದುಳಲ್ಲೂ ಏರುತ್ತದೆ, ರಕ್ತದಲ್ಲಿ ಇಳಿದರೆ ಅಲ್ಲೂ ಇಳಿಯುತ್ತದೆ. ಕಾರ್ಬಿಡೋಪಾ ಜೊತೆಗಿದ್ದರೂ ಲೆವೊಡೋಪಾ ಸುಮಾರು ಒಂದೂವರೆ ಗಂಟೆಗೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮಾತ್ರೆ ಹಿಡಿದಿರುವ ಹೊತ್ತನ್ನು "ಆನ್" ಅನ್ನುತ್ತಾರೆ, ಬಿಟ್ಟ ಹೊತ್ತನ್ನು "ಆಫ್" ಅನ್ನುತ್ತಾರೆ. ಏರಿಳಿತದ ತುದಿಯಲ್ಲಿ ಮೈ ತಾನಾಗಿ ತೊನೆದಾಡುವುದು, ತಗ್ಗಿನಲ್ಲಿ ಕಾಲು ನೆಲಕ್ಕೆ ಅಂಟಿದ ಹಾಗಾಗುವುದು.

ಮಾತ್ರೆಗಳನ್ನು ಜೋಡಿಸುವುದು ಈ ಏರಿಳಿತವನ್ನು ಸಮ ಮಾಡಲು. ತುದಿಯನ್ನು ಇನ್ನೂ ಮೇಲಕ್ಕೆ ಒಯ್ಯಲು ಅಲ್ಲ. ಈ ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು, ಅರ್ಧ ಗೊಂದಲ ಹೋಗುತ್ತದೆ. ಡೋಪಮೈನ್ ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನುವ ಹಾಗಿಲ್ಲ. ತುದಿ ಮಿತಿ ಮೀರಿದರೆ ತೊನೆದಾಟ, ಇಲ್ಲದ ಮನುಷ್ಯರು ಕಾಣುವುದು, ಎದ್ದು ನಿಂತ ಕೂಡಲೇ ಬಿಪಿ ಇಳಿದು ತಲೆ ಸುತ್ತುವುದು. ಹೊಸ ಕಾವಲು ಮಾತ್ರೆ ಸೇರಿಸಿದ ವಾರದಲ್ಲಿ ತೊನೆದಾಟ ಜಾಸ್ತಿಯಾದರೆ ಕಾಯಿಲೆ ಏರಿತು ಅಂತ ಹೆದರಬೇಡಿ. ಸೋರಿಕೆ ನಿಂತದ್ದರಿಂದ ಅದೇ ಲೆವೊಡೋಪಾ ಈಗ ಜಾಸ್ತಿ ಆಗಿರಬಹುದು. ಕೂಡಲೇ ಡಾಕ್ಟರ್‌ಗೆ ಹೇಳಿ, ಅವರು ಲೆವೊಡೋಪಾ ಸ್ವಲ್ಪ ಇಳಿಸುತ್ತಾರೆ.

ಅಂದ ಹಾಗೆ, ಮೆದುಳಿನಲ್ಲಿ ಈಗ ಡೋಪಮೈನ್ ಎಷ್ಟಿದೆ ಅಂತ ಹೇಳುವ ರಕ್ತ ಪರೀಕ್ಷೆ ಇಲ್ಲ. ನಮಗೆ ಇರುವ ಮೀಟರ್ ಒಂದೇ, ಆ ಮನುಷ್ಯನ ನಡಿಗೆ, ಕೈ, ಮುಖ. ಅದಕ್ಕೇ ಮುಂದಿನ ಕೆಲಸ ಮುಖ್ಯ.

ಮೂರು ದಿನ ಬರೆದಿಡಿ

ಒಂದು ಹಾಳೆ ತಗೊಂಡು ಬೆಳಗ್ಗೆ ಏಳುವ ಹೊತ್ತಿನಿಂದ ಮಲಗುವ ತನಕ ಅರ್ಧರ್ಧ ಗಂಟೆಗೆ ಒಂದು ಗೆರೆ ಹಾಕಿ. ಪ್ರತಿ ಗೆರೆಯಲ್ಲೂ ನಾಲ್ಕರಲ್ಲಿ ಒಂದು ಬರೆಯಿರಿ: ಚೆನ್ನಾಗಿದ್ದಾರೆ, ಆಫ್ ಆಗಿದ್ದಾರೆ, ತೊನೆಯುತ್ತಿದ್ದಾರೆ, ನಿದ್ದೆ. ಮಾತ್ರೆ ನುಂಗಿದ ನಿಜವಾದ ಸಮಯ ಬರೆಯಿರಿ. ಚೀಟಿಯಲ್ಲಿ ಎಂಟು ಗಂಟೆ ಅಂತಿದ್ದು ನುಂಗಿದ್ದು ಎಂಟೂ ಮುಕ್ಕಾಲಿಗೆ ಅಂತಾದರೆ ಎಂಟೂ ಮುಕ್ಕಾಲು ಅಂತಲೇ ಬರೆಯಿರಿ. ಊಟದ ಹೊತ್ತೂ ಬರೆಯಿರಿ. ಎಷ್ಟು ಹೊತ್ತಿಗೆ ಮಾತ್ರೆ ಹಿಡಿಯಿತು ಅನ್ನುವುದನ್ನು ಒಂದೇ ಕೆಲಸದಿಂದ ಅಳೆಯಿರಿ. ನಾವು ಅಂಗಿ ಗುಂಡಿ ಇಟ್ಟುಕೊಂಡೆವು. ಬೆಳಗ್ಗೆ ಮಾತ್ರೆಗೆ ಮುಂಚೆ ಮೇಲಿನ ಗುಂಡಿ ಹಾಕಲು ಅಪ್ಪನ ಬೆರಳು ತೂತಿನ ಅಂಚಲ್ಲೇ ಜಾರಿ ಜಾರಿ ಬೀಳುತ್ತಿತ್ತು. ನಲವತ್ತು ನಿಮಿಷದ ನಂತರ ಅದೇ ಗುಂಡಿ, ಅದೇ ಬೆರಳು, ಒಂದೇ ಸಲಕ್ಕೆ ಒಳಗೆ. ಹನ್ನೊಂದೂವರೆಗೆ ಮತ್ತೆ ಜಾರಲು ಶುರು. ಮುಂದಿನ ಮಾತ್ರೆ ಇದ್ದದ್ದು ಒಂದು ಗಂಟೆಗೆ.

ಈ ಹಾಳೆಯಲ್ಲಿ ಹುಡುಕಬೇಕಾದ್ದು ಏನು? ಪ್ರತಿ ಮಾತ್ರೆಗೆ ಮುಂಚಿನ ಅರ್ಧ ಮುಕ್ಕಾಲು ಗಂಟೆ ಕಷ್ಟ ಇದ್ದರೆ ಔಷಧ ಬೇಗ ಮುಗಿಯುತ್ತಿದೆ. ನುಂಗಿ ಒಂದು ಗಂಟೆ ಆದಮೇಲೆ ತೊನೆದಾಟ ಇದ್ದರೆ ತುದಿ ಎತ್ತರ ಆಗಿದೆ. ಬೆಳಗಿನದು ಹಿಡಿದು, ಮಧ್ಯಾಹ್ನದ್ದು ಮಾತ್ರ ಹಿಡಿಯದೇ ಇದ್ದರೆ ಊಟದ ಕಡೆ ನೋಡಿ. ಎಲ್ಲವೂ ತಡವಾಗಿ ಹಿಡಿಯುತ್ತಿದ್ದರೆ ಮಲಬದ್ಧತೆ ಇದೆಯಾ ಕೇಳಿ, ಈ ಕಾಯಿಲೆಯಲ್ಲಿ ಹೊಟ್ಟೆಯೂ ಕರುಳೂ ನಿಧಾನ, ಮಾತ್ರೆ ಹೊಟ್ಟೆಯಲ್ಲೇ ಕೂತುಬಿಟ್ಟರೆ ಕರುಳಿಗೆ ಇಳಿದು ರಕ್ತ ಸೇರುವುದೇ ತಡ.

ನಮ್ಮ ಹಾಳೆ ನೋಡಿದ ಡಾಕ್ಟರ್ ಹೊಸ ಮಾತ್ರೆ ಬರೆಯಲಿಲ್ಲ. ದಿನಕ್ಕೆ ಮೂರು ಸಲ ಇದ್ದದ್ದನ್ನು ನಾಲ್ಕು ಸಲ ಮಾಡಿ, ಪ್ರತಿ ಸಲದ್ದು ಸ್ವಲ್ಪ ಇಳಿಸಿದರು. ಒಟ್ಟು ಲೆವೊಡೋಪಾ ಹೆಚ್ಚು ಕಡಿಮೆ ಅಷ್ಟೇ. ಎಂಟಾಕಪೋನ್ ಬಂದದ್ದು ಅದಾಗಿ ಒಂದು ವರ್ಷದ ಮೇಲೆ.

ಊಟ, ಕಬ್ಬಿಣ, ಮತ್ತು ಪುಡಿ ಮಾಡುವ ಅಭ್ಯಾಸ

ಲೆವೊಡೋಪಾ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗುವುದು ಅಮೈನೋ ಆಮ್ಲಗಳ ಬಾಗಿಲಿನಿಂದ ಅಂದೆನಲ್ಲ. ಹಾಲು, ಮೊಟ್ಟೆ, ಮಾಂಸ, ಕಾಳು ತಿಂದಾಗ ಬರುವ ಅಮೈನೋ ಆಮ್ಲಗಳೂ ಅದೇ ಬಾಗಿಲಿಗೆ ಬರುತ್ತವೆ. ನೂಕುನುಗ್ಗಲಲ್ಲಿ ಮಾತ್ರೆ ಹಿಂದೆ ಬೀಳುತ್ತದೆ. ಊಟಕ್ಕೆ ಅರ್ಧ ಗಂಟೆ ಮುಂಚೆ, ಇಲ್ಲವೇ ಊಟ ಆಗಿ ಒಂದು ಗಂಟೆ ಮೇಲೆ, ಒಂದು ಲೋಟ ನೀರಿನ ಜೊತೆ ನುಂಗಿದರೆ ಒಳ್ಳೆಯದು. ಶುರುವಿನಲ್ಲಿ ವಾಂತಿ ಬರುವ ಹಾಗಾಗುತ್ತಿದ್ದರೆ ಪ್ರೋಟೀನ್ ಕಡಿಮೆ ಇರುವ ಏನಾದರೂ ಸ್ವಲ್ಪ ತಿಂದು ನುಂಗಿ. ಹಾಗಂತ ಪ್ರೋಟೀನ್ ಬಿಟ್ಟುಬಿಡುವುದು ತಪ್ಪು. ಈ ಕಾಯಿಲೆಯಲ್ಲಿ ತೂಕ ಇಳಿಯುವುದೇ ಒಂದು ಸಮಸ್ಯೆ. ಹಗಲಿನದ್ದನ್ನು ಸ್ವಲ್ಪ ರಾತ್ರಿಗೆ ತಳ್ಳುವುದು ಕೆಲವರಿಗೆ ಉಪಯೋಗಕ್ಕೆ ಬರುತ್ತದೆ, ಅದನ್ನೂ ಹಾಳೆ ನೋಡಿಯೇ ತೀರ್ಮಾನ ಮಾಡಿ.

ರಕ್ತ ಕಡಿಮೆ ಅಂತ ಕೊಡುವ ಕಬ್ಬಿಣದ ಮಾತ್ರೆ ಲೆವೊಡೋಪಾವನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಿ.

ಹೆಸರಿನ ಜೊತೆ ಸಿಆರ್ ಅಂತ ಇರುವ ನಿಧಾನ ಬಿಡುವ ಮಾತ್ರೆಗಳನ್ನು ಪುಡಿ ಮಾಡಬೇಡಿ, ಜಗಿಯಬೇಡಿ. ನಾಲ್ಕರಿಂದ ಆರು ಗಂಟೆಯಲ್ಲಿ ಬಿಡಬೇಕಾದ್ದು ಒಮ್ಮೆಲೇ ಬಿಡುತ್ತದೆ. ನುಂಗಲು ಕಷ್ಟ ಅಂದರೆ ಹಾಗಂತಲೇ ಹೇಳಿ, ಬೇರೆ ರೂಪದ ಔಷಧ ಬರೆಯುತ್ತಾರೆ.

ನಸುಗುನ್ನಿ ಬೀಜದ ಪುಡಿ ಬಗ್ಗೆಯೂ ಹೇಳಬೇಕು. ಅದರಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ, ಕಟ್ಟುಕಥೆ ಅಲ್ಲ. ತೊಂದರೆ ಇರುವುದೂ ಅಲ್ಲೇ. ಎಷ್ಟಿದೆ ಅನ್ನುವುದು ಪುಡಿಯಿಂದ ಪುಡಿಗೆ ಬೇರೆ. ಮಾತ್ರೆಯ ಜೊತೆ ಡಾಕ್ಟರ್‌ಗೆ ಹೇಳದೆ ಅದನ್ನೂ ತಗೊಂಡರೆ ಅವರು ಹಾಕಿದ ಲೆಕ್ಕವೆಲ್ಲ ತಲೆಕೆಳಗು.

ತಪ್ಪಿದರೆ, ನಿಂತರೆ, ಗೊಂದಲವಾದರೆ

ಒಂದು ಹೊತ್ತಿನ ಮಾತ್ರೆ ಮರೆತರೆ ನೆನಪಾದ ಕೂಡಲೇ ತಗೊಳ್ಳಿ. ಮುಂದಿನದರ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನೂ ಒಟ್ಟಿಗೆ ನುಂಗಬಾರದು.

ಯಾವ ಕಾರಣಕ್ಕೂ ಲೆವೊಡೋಪಾ ದಿಢೀರ್ ನಿಲ್ಲಿಸಬೇಡಿ. "ಇಷ್ಟು ಮಾತ್ರೆ ಯಾಕೆ, ಸ್ವಲ್ಪ ದಿನ ಬಿಟ್ಟು ನೋಡೋಣ" ಅನ್ನುವ ನೆಂಟರು ಎಲ್ಲ ಮನೆಯಲ್ಲೂ ಇರುತ್ತಾರೆ. ಡೋಪಮೈನ್ ಒಮ್ಮೆಲೇ ಬಿದ್ದರೆ ಮೈ ಮರಗಟ್ಟಿ, ಜೋರು ಜ್ವರ ಬಂದು, ಪ್ರಜ್ಞೆ ತಪ್ಪಿ ಪ್ರಾಣಕ್ಕೇ ಅಪಾಯ ಆಗಬಹುದು. ಬದಲಿ ಆಳು ಮಾತ್ರೆಗಳನ್ನೂ ನಿಧಾನವಾಗಿಯೇ ಇಳಿಸಬೇಕು, ಇಲ್ಲದಿದ್ದರೆ ಚಡಪಡಿಕೆ, ಆತಂಕ ಹಿಡಿಯುತ್ತದೆ. ಬೇಗ ಶುರುಮಾಡಿದರೆ ಲೆವೊಡೋಪಾ ಬೇಗ "ಸವೆದುಹೋಗುತ್ತದೆ" ಅನ್ನುವ ಹೆದರಿಕೆಯೂ ಬಹಳ ಜನರಿಗಿದೆ. 2019ರಲ್ಲಿ ಪ್ರಕಟವಾದ ಲೀಪ್ ಅನ್ನುವ ಅಧ್ಯಯನದಲ್ಲಿ ಒಂದು ಗುಂಪಿಗೆ ಮೊದಲೇ ಲೆವೊಡೋಪಾ, ಇನ್ನೊಂದಕ್ಕೆ 40 ವಾರ ತಡವಾಗಿ ಕೊಟ್ಟು ನೋಡಿದರು. 80 ವಾರದ ಕೊನೆಗೆ ಎರಡೂ ಗುಂಪು ಹೆಚ್ಚು ಕಡಿಮೆ ಒಂದೇ. ಮೊದಲೇ ಕೊಟ್ಟದ್ದರಿಂದ ಕಾಯಿಲೆ ನಿಧಾನವೂ ಆಗಲಿಲ್ಲ, ಹಾನಿಯೂ ಆಗಲಿಲ್ಲ.

ಇಲ್ಲದವರು ಕಾಣುವುದು, ಗೊಂದಲ ಶುರುವಾದರೆ ಮೊದಲು ಮೂತ್ರದ ಸೋಂಕು ಇದೆಯಾ ನೋಡಿಸಿ, ವಯಸ್ಸಾದವರಲ್ಲಿ ಅದೇ ಕಾರಣ ಆಗಿರುವುದು ಸಾಮಾನ್ಯ. ಮಾತ್ರೆ ಇಳಿಸಬೇಕಾಗಿ ಬಂದರೆ ಡಾಕ್ಟರ್‌ಗಳು ಸಾಮಾನ್ಯವಾಗಿ ಟ್ರೈಹೆಕ್ಸಿಫೆನಿಡಿಲ್‌ನಿಂದ ಶುರುಮಾಡಿ, ಆಮೇಲೆ ಅಮಾಂಟಡಿನ್, ಬದಲಿ ಆಳುಗಳು, ಒಳಗಿನ ಕಾವಲು, ಹೊರಗಿನ ಕಪೋನ್ ಗುಂಪು ಅಂತ ಬರುತ್ತಾರೆ. ಲೆವೊಡೋಪಾವನ್ನು ಕೊನೆಯ ತನಕ ಉಳಿಸಿಕೊಳ್ಳುತ್ತಾರೆ. ಕೆಲಸ ಜಾಸ್ತಿ, ಗೊಂದಲ ಕಡಿಮೆ ಅನ್ನುವ ಲೆಕ್ಕದಲ್ಲಿ ಅದೇ ಮುಂದೆ.

ಆಸ್ಪತ್ರೆಗೆ ಸೇರಿಸುವಾಗ ಕೈಯಲ್ಲಿ ಇರಬೇಕಾದ ಚೀಟಿ

ಎರಡು ವರ್ಷದ ಹಿಂದೆ ಅಪ್ಪನನ್ನು ಬೇರೆ ಯಾವುದೋ ಕಾರಣಕ್ಕೆ ವಾರ್ಡ್‌ಗೆ ಸೇರಿಸಿದ್ದೆವು. ಅಲ್ಲಿ ಎಲ್ಲ ರೋಗಿಗಳಿಗೂ ಮಾತ್ರೆ ಕೊಡುವುದು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಊಟ ಆದಮೇಲೆ. ನಾಲ್ಕು ಸಲದ್ದು ಮೂರಾಯಿತು, ಅದೂ ಊಟದ ಮೇಲೆ. ಎರಡನೇ ದಿನ ವಾಂತಿ ಅಂತ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಕೊಟ್ಟರು. ಅದು ಬೇಲಿ ದಾಟಿ ಹೋಗಿ ಡೋಪಮೈನ್ ರಿಸೆಪ್ಟರ್‌ಗಳನ್ನೇ ಮುಚ್ಚುವ ಔಷಧ. ಸಂಜೆಗೆ ಅಪ್ಪನಿಗೆ ಮಗ್ಗುಲು ಬದಲಿಸಲೂ ಆಗಲಿಲ್ಲ, ಮುಖ ಕಲ್ಲಿನ ಹಾಗೆ, ಜೊಲ್ಲು ದಿಂಬಿನ ಮೇಲೆ ಇಳಿಯುತ್ತಿತ್ತು. ಪಕ್ಕದಲ್ಲೇ ಕೂತಿದ್ದ ನನಗೆ ಯಾಕೆ ಹೀಗೆ ಅಂತಲೂ ಗೊತ್ತಿರಲಿಲ್ಲ. ಅದು ಇವತ್ತಿಗೂ ಎದೆ ಚುಚ್ಚುತ್ತದೆ.

ಈಗ ಒಂದು ಚೀಟಿ ಯಾವಾಗಲೂ ನನ್ನ ಪರ್ಸ್‌ನಲ್ಲಿ, ಇನ್ನೊಂದು ಅಪ್ಪನ ಜೇಬಲ್ಲಿ ಇರುತ್ತದೆ. ನೀವೂ ಬರೆಯಿರಿ. ಮೇಲುಗಡೆ ದಪ್ಪ ಅಕ್ಷರದಲ್ಲಿ "ಪಾರ್ಕಿನ್ಸನ್ ಇದೆ, ಮಾತ್ರೆಗಳನ್ನು ಇದೇ ಗಂಟೆಗೆ ಕೊಡಬೇಕು". ಕೆಳಗೆ ಪ್ರತಿ ಮಾತ್ರೆಯ ಔಷಧದ ಹೆಸರು, ಮಿಲಿಗ್ರಾಂ, ಗಂಟೆ. ಅದರ ಕೆಳಗೆ ಕೊಡಬಾರದ್ದು: ವಾಂತಿಗೆ ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ರಾತ್ರಿ ಗಲಾಟೆ ಮಾಡಿದರೆ ಹಾಲೊಪೆರಿಡಾಲ್. ವಾಂತಿಗೆ ಡೋಂಪೆರಿಡೋನ್ ಇದೆ, ಅದು ಬೇಲಿ ದಾಟಿ ಒಳಗೆ ಹೋಗುವುದು ತೀರಾ ಕಡಿಮೆ, ಆದರೆ ಹೃದಯದ ತೊಂದರೆ ಇದ್ದವರು ಮೊದಲೇ ಹೇಳಬೇಕು. ಭ್ರಮೆಗೆ ಮಾತ್ರೆ ಬೇಕೇ ಆದರೆ ಕ್ವೆಟಿಯಾಪಿನ್ ಥರದ್ದನ್ನು ನ್ಯೂರಾಲಜಿಸ್ಟ್ ಕೇಳಿಯೇ ಕೊಡಲಿ. ಎಂಎಒ-ಬಿ ಗುಂಪಿನ ಮಾತ್ರೆ ಇದ್ದರೆ ಟ್ರಾಮಡೋಲ್, ಪೆಥಿಡಿನ್ ಬೇಡ ಅನ್ನುವುದೂ ಚೀಟಿಯಲ್ಲಿ ಇರಲಿ. ಆಪರೇಷನ್‌ಗೆ ಬಾಯಿ ಕಟ್ಟಬೇಕು ಅಂದರೆ, "ಲೆವೊಡೋಪಾ ಎಷ್ಟು ಗಂಟೆ ತನಕ ಕೊಡಬಹುದು, ನುಂಗಲು ಆಗದ ಹೊತ್ತಿನಲ್ಲಿ ಮೂಗಿನ ನಳಿಕೆಯಲ್ಲೋ ರೋಟಿಗೋಟಿನ್ ಪ್ಲಾಸ್ಟರ್‌ನಲ್ಲೋ ಏನು ಏರ್ಪಾಡು" ಅಂತ ಹಿಂದಿನ ದಿನವೇ ಕೇಳಿ, ಉತ್ತರವನ್ನು ಕೇಸ್ ಶೀಟ್‌ನಲ್ಲಿ ಬರೆಸಿ. ಕೊನೆಯ ಸಾಲಲ್ಲಿ ನಿಮ್ಮ ನ್ಯೂರಾಲಜಿಸ್ಟ್ ಹೆಸರು, ಫೋನ್ ನಂಬರ್, ಚೀಟಿ ಬರೆದ ತಾರೀಕು. ಮಾತ್ರೆ ಬದಲಾದ ದಿನವೇ ಹಳೇ ಚೀಟಿ ಹರಿದು ಹೊಸದು ಬರೆಯಿರಿ.